ಕೋವಿ ಯಾರ ಕೈಲಿ, ಬೀಗ ಯಾರ ಕೈಲಿ: ಕೊಡಗಿನ ಒಬ್ಬ ಮಾಜಿ ಸೈನಿಕರ ಪ್ರಕರಣ

ಇದು ದಕ್ಷಿಣ ಕೊಡಗಿನ ಒಂದು ಕಾಫಿ ತೋಟದ ಮನೆಯಲ್ಲಿ ನಡೆದ ವಿಷಯ. ಮಾಜಿ ಸೈನಿಕರ ಕುಟುಂಬಗಳಿಗೆ ಪಿಂಚಣಿ, ಆಸ್ಪತ್ರೆ, ಕಾಗದಪತ್ರದ ಕೆಲಸಗಳಲ್ಲಿ ನೆರವಾಗುವ ನಮ್ಮ ಸಣ್ಣ ಗುಂಪಿನ ಮುಂದೆ ಬಂದದ್ದು. ಹೆಸರು, ಊರು, ಒಕ್ಕ (ಕೊಡವರ ಮನೆತನ), ರೆಜಿಮೆಂಟು, ಇಸವಿ ಎಲ್ಲವನ್ನೂ ಬಿಟ್ಟಿದ್ದೇನೆ. ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಮನೆಯವರು ಓದಿ, ಬೇರೆಯವರಿಗೆ ಉಪಯೋಗವಾಗಲಿ ಅಂತ ಒಪ್ಪಿದ್ದಾರೆ. ಪ್ರಕರಣದ ನಡುವೆ ಇರುವವರನ್ನು ಇಲ್ಲಿ ಸುಬೇದಾರರು ಅಂತಲೇ ಕರೆಯುತ್ತೇನೆ. ಊರಲ್ಲೂ ಅವರನ್ನು ಹಾಗೇ ಕರೆಯುತ್ತಾರೆ.

ಹಿನ್ನೆಲೆ

ಕೊಡಗಿನ ಹೊರಗಿನ ಓದುಗರಿಗೆ ಒಂದು ವಿಷಯ ಮೊದಲೇ ಹೇಳಬೇಕು. ದೇಶದ ಬೇರೆ ಕಡೆ ಮನೆಯಲ್ಲಿ ಕೋವಿ ಇಡಬೇಕಾದರೆ ಲೈಸೆನ್ಸ್ ಬೇಕು. ಕೊಡವರಿಗೆ ಮತ್ತು ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಇದರಿಂದ ವಿನಾಯಿತಿ ಇದೆ. ಅದು 1861ರಲ್ಲಿ, ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಸಿಕ್ಕಿದ್ದು. ಸ್ವಾತಂತ್ರ್ಯ ಬಂದ ಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಂ ಅಡಿಯಲ್ಲಿ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಹತ್ತು ವರ್ಷ, 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರು ಒಬ್ಬ ನಿವೃತ್ತ ಸೇನಾ ಕ್ಯಾಪ್ಟನ್. ಹುಟ್ಟಿದ ಜನಾಂಗ ಮತ್ತು ಪಿತ್ರಾರ್ಜಿತ ಭೂಮಿ ನೋಡಿ ವಿನಾಯಿತಿ ಕೊಡುವುದು ತಾರತಮ್ಯ ಅನ್ನುವುದು ಅವರ ವಾದ. 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಅರ್ಜಿಯನ್ನು ವಜಾ ಮಾಡಿತು. ವಿನಾಯಿತಿ ಕಾಲಮಿತಿಯದು, ಷರತ್ತುಗಳಿರುವಂಥದ್ದು ಅನ್ನುವುದನ್ನು ಕೋರ್ಟ್ ಗಮನಿಸಿತ್ತು.

ಸೈನಿಕರು ಅಂದರೆ ಎಲ್ಲರೂ ಕೋವಿಯ ಬಗ್ಗೆ ಒಂದೇ ರೀತಿ ಯೋಚಿಸುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ಅದು ಸರಿಯಲ್ಲ ಅನ್ನುವುದಕ್ಕೆ ಆ ಅರ್ಜಿಯೇ ಸಾಕ್ಷಿ. ನಮ್ಮ ಈ ಪ್ರಕರಣದಲ್ಲೂ ಹಾಗೇ ಆಯಿತು.

ಕೊಡವರ ಮನೆಯಲ್ಲಿ ಕೋವಿ ಬರೀ ಆಯುಧ ಅಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ. ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡಿನ ಸದ್ದು ಕೇಳಬೇಕು. ಸೆಪ್ಟೆಂಬರ್‌ನ ಕೈಲ್‌ಪೋಳ್ದ್ ಅನ್ನುವ ಆಯುಧ ಪೂಜೆಯ ಹಬ್ಬದ ದಿನ ಕೋವಿ, ಒಡಿಕತ್ತಿ, ಪೀಚೆಕತ್ತಿಗಳಿಗೆ ತೋಕ್‌ಪೂ ಅನ್ನುವ ಹೂ ಇಟ್ಟು ಪೂಜೆ. ಇದರ ಜೊತೆಗೆ ಸೈನ್ಯ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಫೋಟೋ ಇಲ್ಲದ ಹಳೇ ಮನೆ ಈ ಕಡೆ ಕಡಿಮೆ. ಇಂಥ ಕಡೆ ‘ನಿಮ್ಮ ಕೋವಿ ಸ್ವಲ್ಪ ದಿನ ಬೇರೆ ಕಡೆ ಇಡೋಣ’ ಅನ್ನುವುದು ಸಣ್ಣ ಮಾತಲ್ಲ.

ಸುಬೇದಾರರು ಹತ್ತೊಂಬತ್ತನೇ ವಯಸ್ಸಿಗೆ ಸಿಪಾಯಿಯಾಗಿ ಸೇರಿದವರು. ಸುಮಾರು ಮೂವತ್ತು ವರ್ಷ ಸೇವೆ, ಅದರಲ್ಲಿ ಕಾಶ್ಮೀರದಲ್ಲಿ ಎರಡು ಸಲ. ಊರಿಗೆ ಬಂದ ಮೇಲೂ ಸುಮ್ನೆ ಕೂತವರಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಮಡಿಕೇರಿ ಸುತ್ತಮುತ್ತಲಿನ ಊರುಗಳು ಕೊಚ್ಚಿಹೋದಾಗ ಅವರು ನಾಲ್ಕೈದು ಮಾಜಿ ಸೈನಿಕರನ್ನು ಕಟ್ಟಿಕೊಂಡು ಜೀಪಿನಲ್ಲಿ ಹಗ್ಗ, ಗುದ್ದಲಿ, ಟಾರ್ಪಾಲು ಹಾಕಿ ಹೊರಟರು. ಮುದುಕರನ್ನು ಬೆನ್ನ ಮೇಲೆ ಹೊತ್ತು ಪರಿಹಾರ ಕೇಂದ್ರಕ್ಕೆ ತಲುಪಿಸಿದರು. ಸಮವಸ್ತ್ರ ಕಳಚಿದರೂ ಸೇವೆ ಮುಗಿಯುವುದಿಲ್ಲ ಅನ್ನುವುದು ಅವರ ಗಟ್ಟಿ ನಂಬಿಕೆ. ಅವರು ಆ ಮಾತನ್ನು ನಡೆಸಿ ತೋರಿಸಿದವರು. ಇದನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ.

ತೊಂದರೆ ಶುರುವಾದದ್ದು

ಕೆಲವು ವರ್ಷದ ಹಿಂದೆ ಅವರ ಹೆಂಡತಿ ತೀರಿಕೊಂಡರು. ಮಗ, ಸೊಸೆ ಬೆಂಗಳೂರಿನಲ್ಲಿ. ತೋಟದ ಮನೆಯಲ್ಲಿ ಸುಬೇದಾರರು ಒಬ್ಬರೇ. ಕೂಗಳತೆಯಲ್ಲಿ ತಮ್ಮನ ಮನೆ. ತಮ್ಮನೂ ಮಾಜಿ ಸೈನಿಕ, ನಾಯಕ್ ಆಗಿ ನಿವೃತ್ತಿ.

ಮೊದಲು ನಿದ್ದೆ ಹೋಯಿತು. ಆಮೇಲೆ ಸೈನ್ಯದ ಕ್ಯಾಂಟೀನ್ ರಮ್ಮು ಜಾಸ್ತಿಯಾಯಿತು. ರಾತ್ರಿ ಎರಡು ಗಂಟೆಗೆ ಎದ್ದು, ಬೂಟು ಹಾಕಿ, ಜೋಡಿ ನಳಿಗೆಯ ತೋಟಾ ಕೋವಿ (ತೋಟಾ ಅಂದರೆ ಕಾಡತೂಸು) ಹಿಡಿದು ತೋಟ ಸುತ್ತುವುದು ಅಭ್ಯಾಸವಾಯಿತು. ಯಾಕೆ ಅಂತ ಕೇಳಿದರೆ ಆನೆ ಅನ್ನುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಹಲಸು ಬಿಡುವ ಕಾಲದಲ್ಲಿ, ಭತ್ತ ಹಾಲುಗಟ್ಟುವ ಕಾಲದಲ್ಲಿ ಆ ಊರಿಗೆ ಆನೆ ಬರುತ್ತದೆ. ಆದರೆ ಇವರು ಆನೆ ಬಾರದ ದಿನಗಳಲ್ಲೂ ಸುತ್ತುತ್ತಿದ್ದರು. ತಮ್ಮನ ಹೆಂಡತಿಯ ಹತ್ತಿರ ಒಂದೆರಡು ಸಲ ‘ಇನ್ನು ಯಾರಿಗೋಸ್ಕರ ಇರಬೇಕು’ ಅಂದಿದ್ದರು. ಆಕೆ ಅದನ್ನು ಮನಸ್ಸಲ್ಲೇ ಇಟ್ಟುಕೊಂಡಿದ್ದರು.

ಒಂದು ರಾತ್ರಿ ತೋಟದ ಆಳುಗಳ ಲೈನ್ ಮನೆಯಲ್ಲಿದ್ದ ಅಸ್ಸಾಮಿನ ಹುಡುಗನೊಬ್ಬ ಫೋನಿಗೆ ಸಿಗ್ನಲ್ ಹುಡುಕಿಕೊಂಡು ಕಾಫಿ ಕಣದ ಹತ್ತಿರ ಬಂದ. ಕತ್ತಲಲ್ಲಿ ಫೋನಿನ ಬೆಳಕು ಅಲ್ಲಾಡುವುದು ಕಂಡಿತು. ‘ಥಮ್! ಕೌನ್ ಆತಾ ಹೈ?’ ಅಂತ ಸುಬೇದಾರರ ದನಿ. ಹುಡುಗ ಗಾಬರಿಯಾಗಿ ಓಡಿದ. ಸೈನ್ಯದಲ್ಲಿ ಸಂತ್ರಿ ಹೀಗೆ ಕೂಗಿದಾಗ ನಿಲ್ಲಬೇಕು, ಓಡಬಾರದು ಅಂತ ಅವನಿಗೆ ಹೇಗೆ ಗೊತ್ತಿರಬೇಕು? ಕೋವಿ ಹೆಗಲಿಗೆ ಏರಿತ್ತು. ಹುಡುಗ ಕಣದ ಅಂಚಿಗೆ ಎಡವಿ ಬಿದ್ದು, ಜೋರಾಗಿ ಅತ್ತ. ಆ ಅಳು ಕೇಳಿ ಸುಬೇದಾರರು ಕೋವಿ ಇಳಿಸಿದರು. ಗುಂಡು ಹಾರಲಿಲ್ಲ. ಬೆಳಗಾಗುವಷ್ಟರಲ್ಲಿ ಲೈನ್ ಮನೆಗಳು ಖಾಲಿ. ಕೊಯ್ಲಿನ ಕಾಲದಲ್ಲಿ ಆಳುಗಳು ಬಿಟ್ಟುಹೋದರು.

ಅದಾದ ವಾರದಲ್ಲಿ ತಮ್ಮ ನಮ್ಮನ್ನು ಕರೆದರು.

ಏನೇನು ಮಾಡಿ ನೋಡಿದರು

ನಮ್ಮ ಹತ್ತಿರ ಬರುವ ಮೊದಲೇ ಮಗ ಒಂದು ಪ್ರಯತ್ನ ಮಾಡಿದ್ದ. ರಜೆಗೆ ಬಂದಾಗ ತೋಟಾಗಳನ್ನೆಲ್ಲ ತೆಗೆದು ಕಾರಿನಲ್ಲಿ ಬಚ್ಚಿಟ್ಟಿದ್ದ. ಸುಬೇದಾರರಿಗೆ ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಅವರು ರೇಗಲಿಲ್ಲ. ಮಗನ ಮುಂದೆ ಕೈ ಚಾಚಿ ನಿಂತರು, ತೋಟಾ ಎಣಿಸಿ ವಾಪಸ್ ತೆಗೆದುಕೊಂಡರು, ಒಳಗೆ ಹೋದರು. ಆಮೇಲೆ ಮಗನ ಜೊತೆ ಮಾತು ನಿಂತುಹೋಯಿತು. ಕದ್ದು ತೆಗೆಯುವುದು ಕೆಲಸ ಮಾಡುವುದಿಲ್ಲ ಅನ್ನುವುದು ಅಲ್ಲೇ ಗೊತ್ತಾಗಿತ್ತು. ಕಾನೂನಿನ ದೃಷ್ಟಿಯಿಂದಲೂ ಅದು ಸರಿಯಲ್ಲ.

ಎರಡನೆಯದು ಪೊಲೀಸ್. ದೂರು ಕೊಡಲು ಮನೆಯವರಿಗೆ ಮನಸ್ಸಿರಲಿಲ್ಲ. ಪರಿಚಯದ ಒಬ್ಬ ಪೇದೆಗೆ ಸುಮ್ಮನೆ ಬಂದು ಮಾತಾಡಿಸಿ ಹೋಗಿ ಅಂತ ಹೇಳಿದರು. ಸುದ್ದಿ ಹೇಗೋ ಮೊದಲೇ ತಲುಪಿತ್ತು. ಪೇದೆ ಬಂದಾಗ ಸುಬೇದಾರರು ನೀಲಿ ಬ್ಲೇಜರ್ ತೊಟ್ಟು, ಎದೆಯ ಮೇಲೆ ಮೆಡಲ್ ಸಾಲು ಹಾಕಿ, ಜಗುಲಿಯಲ್ಲಿ ನೆಟ್ಟಗೆ ಕೂತಿದ್ದರು. ಕೋವಿ ಎದುರಿನ ಮೇಜಿನ ಮೇಲೆ, ನಳಿಗೆ ಮುರಿದು, ಖಾಲಿ, ಎಣ್ಣೆ ಹಚ್ಚಿ ಒರೆಸಿದ್ದು. ಪಕ್ಕದಲ್ಲಿ ವಿನಾಯಿತಿ ಪತ್ರ, ಡಿಸ್ಚಾರ್ಜ್ ಪುಸ್ತಕ, ಪಿಂಚಣಿಯ ಆದೇಶಪತ್ರ (ಪಿಪಿಒ), ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ. ಪೇದೆಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಅವನು ಸೆಲ್ಯೂಟ್ ಹೊಡೆದು, ಕಾಫಿ ಕುಡಿದು ಹೋದ. ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ. ಹಾಗಿದ್ದ ಮೇಲೆ ಅವನಾದರೂ ಏನು ಮಾಡಬೇಕು?

ಮೂರನೆಯದು ವೈದ್ಯರು. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್ಎಸ್ ಪಾಲಿಕ್ಲಿನಿಕ್‌ಗೆ ಅವರು ಬಿಪಿ ಮಾತ್ರೆಗೆ ತಪ್ಪದೆ ಹೋಗುತ್ತಿದ್ದರು. ನಿದ್ದೆಯ ವಿಷಯ ಅಲ್ಲಿ ಎತ್ತುತ್ತಿರಲಿಲ್ಲ. ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ‘ಹುಚ್ಚು’ ಅಂತ ಬರೆದುಬಿಡುತ್ತಾರೆ, ಆಮೇಲೆ ಕೋವಿ ಹೋಯಿತು ಅನ್ನುವ ಹೆದರಿಕೆ ಅವರಿಗಿತ್ತು. ಇದು ತುಂಬ ಮುಖ್ಯವಾದ ಅಂಶ. ಬೇರೆ ಕಡೆ ಲೈಸೆನ್ಸ್ ಅರ್ಜಿಯ ಜೊತೆ ದೈಹಿಕ, ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ ಇಡಬೇಕು ಅಂತ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿದೆ. ಅದು ಇರಬೇಕಾದದ್ದೇ. ಆದರೆ ಅದರ ಸುದ್ದಿ ಕೇಳಿದವರು ಚಿಕಿತ್ಸೆಯಿಂದಲೇ ದೂರ ಉಳಿಯುತ್ತಾರೆ. ಕೋವಿ ಉಳಿಸಿಕೊಳ್ಳಲು ಕಾಯಿಲೆ ಮುಚ್ಚಿಡುವುದು, ಕಾಯಿಲೆ ಮುಚ್ಚಿಟ್ಟಷ್ಟೂ ಕೋವಿ ಅಪಾಯವಾಗುವುದು. ಸುಬೇದಾರರು ಆ ಸುಳಿಯಲ್ಲಿದ್ದರು.

ಮಾಜಿ ಸೈನಿಕರ ಜಗಳ

ನಾಲ್ಕು ಜನ ಮಾಜಿ ಸೈನಿಕರನ್ನು ಕೂರಿಸಿ ಮಾತಾಡಿದೆವು. ಸುಬೇದಾರರು ಇರಲಿಲ್ಲ. ಒಮ್ಮತ ಬರಲಿಲ್ಲ. ಆ ದಿನದ ಮಾತುಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಹಕ್ಕು ಮತ್ತು ಸೇವೆಯ ಬಗ್ಗೆ ಸೈನಿಕರು ತಮ್ಮತಮ್ಮಲ್ಲೇ ಹೇಗೆ ವಾದ ಮಾಡುತ್ತಾರೆ ಅನ್ನುವುದು ಹೊರಗಿನವರಿಗೆ ಕೇಳಿಸುವುದು ಅಪರೂಪ.

ತಮ್ಮನದು ನೇರ ಮಾತು. ಕೋವಿ ಯಾರೂ ನಮಗೆ ಭಿಕ್ಷೆ ಕೊಟ್ಟದ್ದಲ್ಲ, ಅಣ್ಣನ ಕೈಯಿಂದ ಕೋವಿ ತೆಗೆದರೆ ಅವರ ಪ್ರಾಣ ತೆಗೆದ ಹಾಗೆ, ನಾವು ಹಗಲೂ ರಾತ್ರಿ ಕಾಯೋಣ ಬೇಕಾದರೆ.

ಒಬ್ಬ ನಿವೃತ್ತ ಮೇಜರ್ ಅದಕ್ಕೆ ಒಪ್ಪಲಿಲ್ಲ. ಅವರೂ ಕೊಡವರೇ. ‘ಹಕ್ಕು ಬೇಡ ಅಂತ ನಾನು ಹೇಳ್ತಿಲ್ಲ. 2029ಕ್ಕೆ ಮತ್ತೆ ವಿಸ್ತರಣೆ ಕೇಳಬೇಕು ಅಲ್ವಾ? ಆಗ ಯಾರಾದ್ರೂ ಇಂಥ ಒಂದು ಅನಾಹುತ ತೋರಿಸಿದ್ರೆ ನಾವೇನು ಉತ್ತರ ಕೊಡೋದು? ನಮ್ಮ ಕೋವಿಗಳನ್ನ ನಾವೇ ಶಿಸ್ತಲ್ಲಿ ಇಟ್ಟುಕೊಂಡ್ರೆ ಮಾತ್ರ ಹಕ್ಕು ಉಳಿಯುತ್ತೆ’ ಅಂದರು.

ಮೂರನೆಯವರು ಬೆಳಗಾವಿ ಕಡೆಯ ಒಬ್ಬ ಮಾಜಿ ಹವಾಲ್ದಾರ್. ಪಟ್ಟಣದಲ್ಲಿ ಬ್ಯಾಂಕಿನ ಗನ್‌ಮ್ಯಾನ್. ಅವರ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಅವರೂ ಅಷ್ಟೇ ವರ್ಷ ಅದೇ ಸೈನ್ಯದಲ್ಲಿದ್ದವರು. ಅವರ 12 ಬೋರ್ ಕೋವಿಗೆ ಲೈಸೆನ್ಸ್ ಬೇಕು, ನವೀಕರಣ ಬೇಕು, ತಡವಾದರೆ ಕೆಲಸವೇ ಹೋಗುತ್ತದೆ. ಹೆಣ್ಣುಮಕ್ಕಳ ಓದು ನಡೆಯುವುದು ಆ ಕೋವಿಯಿಂದ. ‘ಸರ್, ನನಗ ಇದು ಹಕ್ಕಲ್ಲ, ಹೊಟ್ಟಿಪಾಡು. ಬ್ಯಾಂಕ್ ಮುಚ್ಚಿದ ಮ್ಯಾಲೆ ನನ್ನ ಕೋವಿ ಕೀಲಿ ಹಾಕಿ ಇಡ್ತೀನಿ. ಮನಿಯೊಳಗ ಮಕ್ಕಳು ಅದನ್ನ ಕಣ್ಣಿಂದ ನೋಡಿಲ್ಲ’ ಅಂದರು. ಸೇವೆ ಅಂದರೆ ಏನು ಅಂತ ಕೇಳಿದಾಗ, ಊರಲ್ಲಿ ಮಾಜಿ ಸೈನಿಕರ ವಿಧವೆಯರ ಪಿಂಚಣಿ ಅರ್ಜಿ ಬರೆದುಕೊಡುವುದನ್ನು ಹೇಳಿದರು. ಅದಕ್ಕೆ ಕೋವಿ ಬೇಕಾಗಿಲ್ಲವಲ್ಲ.

ನಾಲ್ಕನೆಯವರು ಸುಬೇದಾರರ ಪಲ್ಟನ್ನಿನವರೇ, ವಯಸ್ಸಿನಲ್ಲಿ ಚಿಕ್ಕವರು, ಹವಾಲ್ದಾರ್ ಆಗಿ ನಿವೃತ್ತಿ. ಸೇವೆಯಲ್ಲಿದ್ದಾಗ ಕೆಲವು ವರ್ಷ ಕೋತ್ ಎನ್‌ಸಿಒ ಆಗಿದ್ದರು. ಕೋತ್ ಅಂದರೆ ಪಲ್ಟನ್ನಿನ ಶಸ್ತ್ರಾಗಾರ, ಅದರ ಉಸ್ತುವಾರಿ ಅವರದು. ಅವರು ಆ ದಿನ ಜಾಸ್ತಿ ಮಾತಾಡಲಿಲ್ಲ. ‘ಸಾಬ್ ಹೇಳಿದ್ರೆ ಕೇಳೋರಲ್ಲ. ಆರ್ಡರ್ ಆದ್ರೆ ಕೇಳ್ತಾರೆ’ ಅಂದರು, ಅಷ್ಟೇ. ಅದರ ಬೆಲೆ ನಮಗೆ ತಿಳಿದದ್ದು ಚುನಾವಣೆ ಬಂದಾಗ.

ಚುನಾವಣೆಯ ವಾರಗಳು

ಚುನಾವಣೆ ಘೋಷಣೆಯಾದರೆ ಕೋವಿಗಳನ್ನು ಠೇವಣಿ ಇಡಬೇಕು ಅಂತ ಆದೇಶ ಬರುತ್ತದೆ. ಕೊಡಗಿನಲ್ಲಿ ಇದಕ್ಕೆ ಪ್ರತಿ ಸಲವೂ ವಿರೋಧ ಇದ್ದದ್ದೇ. ಆನೆ, ಹಂದಿ ಕಾಟ ಇರುವಾಗ ತೋಟ ಕಾಯುವುದು ಹೇಗೆ ಅಂತ ಬೆಳೆಗಾರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸುಬೇದಾರರೂ ಗೊಣಗಿದರು. ಆದರೆ ಕೊಟ್ಟರು. ಹೇಗೆ ಕೊಟ್ಟರು ಅನ್ನುವುದನ್ನು ಕೋತ್ ನೋಡಿಕೊಂಡಿದ್ದ ಹವಾಲ್ದಾರ್ ಪಕ್ಕದಲ್ಲೇ ನಿಂತು ನೋಡಿದ್ದರು.

ಹಿಂದಿನ ದಿನ ಸಂಜೆ ನಳಿಗೆಗೆ ಚಿಂದಿ ಬಟ್ಟೆ ತೂರಿಸಿ ಒರೆಸಿ, ಎಣ್ಣೆ ಬಿಟ್ಟು, ಮರದ ಹಿಡಿಗೆ ಮೇಣ ತಿಕ್ಕಿದರು. ಠಾಣೆಯಲ್ಲಿ ತಾವೇ ನಳಿಗೆ ಮುರಿದು ಖಾಲಿ ಅಂತ ತೋರಿಸಿದರು. ಕೋವಿಯ ನಂಬರ್ ರಸೀದಿಯಲ್ಲಿ ಸರಿಯಾಗಿ ಬರೆದಿದ್ದಾರಾ ಅಂತ ಎರಡು ಸಲ ಓದಿದರು. ರಸೀದಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ಮನೆಗೆ ಬಂದು ಊಟ ಮಾಡಿ ಮಲಗಿದರು.

ಆಮೇಲಿನ ವಾರಗಳಲ್ಲಿ ಅವರು ರಾತ್ರಿ ತೋಟ ಸುತ್ತುವುದು ಬಿಟ್ಟರು. ನಿದ್ದೆ ಪೂರ್ತಿ ಬರಲಿಲ್ಲ, ಕುಡಿತವೂ ನಿಲ್ಲಲಿಲ್ಲ. ಆದರೆ ಬೂಟು ಹಾಕಿ ಹೊರಗೆ ಹೋಗಲಿಲ್ಲ. ಫಲಿತಾಂಶ ಬಂದು ಕೋವಿ ವಾಪಸ್ ಸಿಕ್ಕಿದ ವಾರದಲ್ಲೇ ಮತ್ತೆ ಶುರು.

ಇಡೀ ಪ್ರಕರಣದ ತಿರುವು ಇದೇ ಅಂತ ನನ್ನ ಲೆಕ್ಕ. ಕೋವಿ ಮನೆಯಲ್ಲಿದ್ದರೆ ತಾನು ಡ್ಯೂಟಿಯಲ್ಲಿದ್ದೇನೆ ಅಂತ ಅವರ ಮೈಯೇ ಅಂದುಕೊಳ್ಳುತ್ತಿತ್ತು. ಕೋವಿ ಕೊಟ್ಟು ರಸೀದಿ ತೆಗೆದುಕೊಂಡರೆ ಡ್ಯೂಟಿ ಮುಗಿದ ಹಾಗೆ. ಮೂವತ್ತು ವರ್ಷ ಅವರು ಬದುಕಿದ್ದೇ ಹಾಗೆ. ಸೈನಿಕ ರೈಫಲ್ಲನ್ನು ಮನೆಗೆ ಒಯ್ಯುವುದಿಲ್ಲ. ಕೋತ್‌ನಲ್ಲಿ ರಿಜಿಸ್ಟರಿಗೆ ಸಹಿ ಹಾಕಿ ತೆಗೆದುಕೊಳ್ಳುತ್ತಾನೆ, ಡ್ಯೂಟಿ ಮುಗಿದಾಗ ಒಪ್ಪಿಸುತ್ತಾನೆ. ಬದುಕಿಡೀ ಆಯುಧದ ಜೊತೆ ಇದ್ದವನು ಅನ್ನುತ್ತೇವೆ. ನಿಜಕ್ಕೂ ಅವನು ಆಯುಧವನ್ನು ವಾಪಸ್ ಕೊಡುವುದರಲ್ಲೂ ಅಷ್ಟೇ ಪಳಗಿದವನು. ಊರಿಗೆ ಬಂದ ಮೇಲೆ ಆ ಅರ್ಧ ಭಾಗ ಮಾಯವಾಗುತ್ತದೆ. ಕೋವಿ ಇರುತ್ತದೆ, ಕೋತ್ ಇರುವುದಿಲ್ಲ.

ಮಾತುಕತೆ ಮತ್ತು ಕಪಾಟು

ಅದೇ ಹವಾಲ್ದಾರ್ ಒಬ್ಬರೇ ಹೋಗಿ ಮಾತಾಡುತ್ತೇನೆ ಅಂದರು. ನಾವು ಬಿಟ್ಟೆವು. ಸಂಜೆ ಜಗುಲಿಯಲ್ಲಿ ಕೂತು ಹಳೇ ಪಲ್ಟನ್ನಿನ ಮಾತೇ ಆಡಿದರಂತೆ. ಕೊನೆಗೆ ಇವರು ಕೇಳಿದ್ದು ಇಷ್ಟು:

‘ಸಾಬ್, ನಾನು ಕೋತ್‌ನಲ್ಲಿದ್ದಾಗ ಗಾರ್ಡ್ ಡ್ಯೂಟಿ ಇಲ್ಲದ ಜವಾನ ರಾತ್ರಿ ಬಂದು ರೈಫಲ್ ಕೇಳಿದ್ರೆ ಏನು ಮಾಡಬೇಕಿತ್ತು?’

‘ಕೊಡಬಾರದು.’

‘ಅವನು ನನಗಿಂತ ಸೀನಿಯರ್ ಆಗಿದ್ರೆ?’

‘ಯಾರಾದ್ರೂ ಕೊಡಬಾರದು.’

ಹವಾಲ್ದಾರ್ ಮುಂದೆ ಏನೂ ಹೇಳಲಿಲ್ಲ. ಸುಬೇದಾರರು ಬಹಳ ಹೊತ್ತು ಬಿಟ್ಟು, ‘ಇಲ್ಲಿ ಕೋತ್ ಎಲ್ಲಿದೆ?’ ಅಂದರು.

ಅಲ್ಲಿಂದ ಮುಂದಿನ ಕೆಲಸ ಒಕ್ಕದ ಹಿರಿಯರು, ಅಂದರೆ ಪಟ್ಟೆದಾರರು, ಕೈಗೆತ್ತಿಕೊಂಡರು. ಅವರು ನೆನಪಿಸಿದ್ದು ಕೊಡವರ ಹಳೇ ಪದ್ಧತಿಯನ್ನೇ. ಹಿಂದಿನ ಕಾಲದಲ್ಲಿ ಕಕ್ಕಡ ತಿಂಗಳ ಮಳೆಯಲ್ಲಿ ಉಳುಮೆ, ನಾಟಿ ನಡೆಯುವಾಗ ಆಯುಧ ಮುಟ್ಟುತ್ತಿರಲಿಲ್ಲ. ಎಲ್ಲವನ್ನೂ ಐನ್‌ಮನೆಯ ಕನ್ನಿಕೊಂಬರೆಯಲ್ಲಿ, ಅಂದರೆ ಒಕ್ಕದ ಮೂಲಮನೆಯ ದೇವರ ಕೋಣೆಯಲ್ಲಿ, ಇಡುತ್ತಿದ್ದರು. ನಾಟಿ ಮುಗಿದು ಕೈಲ್‌ಪೋಳ್ದ್ ಬಂದಾಗ ಹಿರಿಯರು ಪೂಜೆ ಮಾಡಿ ಕೈಗೆ ಕೊಡುತ್ತಿದ್ದರು. ಕೋವಿ ಒಬ್ಬನದಲ್ಲ, ಒಕ್ಕದ್ದು. ಇಡುವ ಕಾಲ ಉಂಟು, ಎತ್ತುವ ಕಾಲ ಉಂಟು. ಸೈನ್ಯದ ರಿವಾಜು, ಮನೆಯ ರಿವಾಜು ಎರಡೂ ಒಂದೇ ಕಡೆ ಬಂದು ನಿಂತವು. ಹೊರಗಿನವರು ಎಷ್ಟೇ ಬುದ್ಧಿ ಹೇಳಿದ್ದರೂ ಇದು ಆಗುತ್ತಿರಲಿಲ್ಲ.

ಮಾಡಿದ ವ್ಯವಸ್ಥೆ ಹೀಗಿತ್ತು. ತಮ್ಮನ ಮನೆಯ ಒಳಕೋಣೆಯಲ್ಲಿ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಕಪಾಟು. ಎರಡು ಬೀಗ. ಒಂದು ಬೀಗದ ಕೈ ತಮ್ಮನ ಹತ್ತಿರ, ಇನ್ನೊಂದು ತಮ್ಮನ ಹೆಂಡತಿಯ ಹತ್ತಿರ. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಕೋಣೆಯಲ್ಲಿ. ಉದ್ದ ಗೆರೆಯ ರಿಜಿಸ್ಟರ್ ಪುಸ್ತಕ: ತಾರೀಖು, ಕೋವಿ ನಂಬರ್, ಯಾರು, ಯಾಕೆ, ಎಷ್ಟು ತೋಟಾ, ಸಹಿ, ವಾಪಸ್ ಬಂದ ಸಮಯ. ಸುಬೇದಾರರ ಕೋವಿ ಮಾತ್ರ ಅಲ್ಲ, ತಮ್ಮನದು, ಇನ್ನೊಬ್ಬ ದಾಯಾದಿಯದು, ಮೂರೂ ಅದರೊಳಗೆ. ಇದನ್ನು ಪಟ್ಟೆದಾರರು ಹಟ ಹಿಡಿದು ಮಾಡಿಸಿದರು. ಒಬ್ಬರ ಕೋವಿ ಮಾತ್ರ ಒಳಗಿಟ್ಟರೆ ಅದು ಶಿಕ್ಷೆ. ಎಲ್ಲರದ್ದೂ ಇಟ್ಟರೆ ವ್ಯವಸ್ಥೆ.

ಬೀಗದ ಕೈ ವಿಷಯಕ್ಕೆ ದೊಡ್ಡ ಚರ್ಚೆಯಾಯಿತು. ಸುಬೇದಾರರಿಗೇ ಒಂದು ಕೈ ಕೊಟ್ಟರೆ ಗೌರವ ಉಳಿಯುತ್ತದೆ ಅಂತ ತಮ್ಮ. ಖಡಾಖಂಡಿತ ಬೇಡ ಅಂತ ಮೇಜರ್. ನನಗೂ ಮೇಜರ್ ಮಾತೇ ಸರಿ ಅನ್ನಿಸಿತು. ಗೌರವಕ್ಕೆ ಬೇರೆ ದಾರಿ ಇತ್ತು. ಭಾನುವಾರ ಮೂರೂ ಕೋವಿ ಹೊರಗೆ ತೆಗೆದು ಪರೀಕ್ಷಿಸಿ, ಎಣ್ಣೆ ಹಾಕಿಸುವ ಉಸ್ತುವಾರಿ ಸುಬೇದಾರರಿಗೆ. ತೋಟಾ ಪೆಟ್ಟಿಗೆ ಆಗ ಮುಚ್ಚಿರಬೇಕು, ಕನಿಷ್ಠ ಇಬ್ಬರು ಜೊತೆಗಿರಬೇಕು. ಸುಬೇದಾರರು ಇದಕ್ಕೆ ಒಪ್ಪಿದರು, ಕೈ ಕೇಳಲೂ ಇಲ್ಲ.

ಕಾಗದದ ಕೆಲಸ ಬಾಯಿಮಾತಿನಲ್ಲಿ ಮುಗಿಸಲಿಲ್ಲ. ಕೋವಿ ಯಾರ ಹೆಸರಲ್ಲಿ ಇದೆಯೋ ಅವರ ಮನೆಯಿಂದ ಇನ್ನೊಂದು ಕಡೆ ಇಡುತ್ತಿದ್ದೇವೆ ಅಂತ ವಕೀಲರನ್ನು ಕೇಳಿ ಬರೆದು, ಠಾಣೆಗೂ ಜಿಲ್ಲಾಧಿಕಾರಿ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆದೆವು. ತಮ್ಮನಿಗೂ ವಿನಾಯಿತಿ ಇದ್ದದ್ದರಿಂದ ಇದು ಸುಲಭವಾಯಿತು. ಲೈಸೆನ್ಸ್ ಮೇಲೆ ಕೋವಿ ಇರುವ ಜಿಲ್ಲೆಗಳಲ್ಲಿ ಹೀಗೆ ಇನ್ನೊಬ್ಬರ ಮನೆಯಲ್ಲಿ ಇಡಲು ಹೋಗಬೇಡಿ. ಲೈಸೆನ್ಸ್ ಇರುವ ಶಸ್ತ್ರ ವ್ಯಾಪಾರಿಯ ಹತ್ತಿರ ಅಥವಾ ಠಾಣೆಯಲ್ಲಿ ಇಡುವ ದಾರಿಯನ್ನು ಮೊದಲು ವಿಚಾರಿಸಿ.

ಅಮೆರಿಕದ ಮಾತನ್ನು ಇಲ್ಲಿ ಒಂದಿಷ್ಟು ಹೇಳಬೇಕು. ಅಲ್ಲಿಯ ಮಾಜಿ ಸೈನಿಕರಲ್ಲಿ ಬಹಳ ಜನ ಕೋವಿಯನ್ನು ಸಂವಿಧಾನ ಕೊಟ್ಟ ಹಕ್ಕು ಅನ್ನುತ್ತಾರೆ, ಸೈನ್ಯಕ್ಕೆ ಸೇರುವಾಗ ತೊಟ್ಟ ಪ್ರಮಾಣಕ್ಕೆ ನಿವೃತ್ತಿ ಇಲ್ಲ ಅನ್ನುತ್ತಾರೆ. ಅದೇ ದೇಶದಲ್ಲಿ ಪ್ರಾಣ ಕಳೆದುಕೊಳ್ಳುವ ಮಾಜಿ ಸೈನಿಕರ ಹತ್ತು ಆತ್ಮಹತ್ಯೆಗಳಲ್ಲಿ ಸುಮಾರು ಏಳು ಕೋವಿಯಿಂದ ಆಗುತ್ತವೆ. ಅಲ್ಲಿಯ ಮಾಜಿ ಸೈನಿಕರ ಇಲಾಖೆ ಕೋವಿ ಕೊಟ್ಟುಬಿಡಿ ಅನ್ನುವುದಿಲ್ಲ. ಬೀಗಗಳನ್ನು ಉಚಿತವಾಗಿ ಹಂಚುತ್ತದೆ. ಕೆಟ್ಟ ಗಳಿಗೆಗೂ ಕೋವಿಗೂ ನಡುವೆ ಸ್ವಲ್ಪ ಹೊತ್ತು, ಸ್ವಲ್ಪ ದೂರ ಇದ್ದರೆ ಜೀವ ಉಳಿಯುತ್ತದೆ ಅನ್ನುವುದು ಅವರ ಲೆಕ್ಕ. ಆ ಕಪಾಟು ಕೊಟ್ಟದ್ದೂ ಅದನ್ನೇ: ಒಂದಿಷ್ಟು ಹೊತ್ತು, ಕೂಗಳತೆಯಷ್ಟು ದೂರ, ಇಬ್ಬರು ಎಚ್ಚರವಾಗಬೇಕಾದ ಅನಿವಾರ್ಯ.

ಏನಾಯಿತು

ಮೊದಲ ತಿಂಗಳು ಚೆನ್ನಾಗಿ ಹೋಯಿತು. ಆಮೇಲೆ ಪುತ್ತರಿ ಆದ ಸ್ವಲ್ಪ ದಿನಕ್ಕೆ ಒಂದು ರಾತ್ರಿ ಒಂದು ಗಂಟೆಗೆ ಸುಬೇದಾರರು ತಮ್ಮನ ಮನೆ ಬಾಗಿಲು ತಟ್ಟಿದರು. ಕುಡಿದಿದ್ದರು. ತೋಟಕ್ಕೆ ಆನೆ ಬಂದಿದೆ, ಕೋವಿ ಕೊಡಿ ಅಂದರು. ತಮ್ಮ ಮೈಸೂರಿಗೆ ಹೋಗಿದ್ದರು. ಅವರ ಹೆಂಡತಿ ಬಾಗಿಲು ತೆರೆದು, ‘ಬಾವ, ಬನ್ನಿ, ಕೂತ್ಕೊಳ್ಳಿ. ರಿಜಿಸ್ಟರ್ ತರ್ತೀನಿ’ ಅಂದರು. ಕಾಫಿ ಮಾಡಿದರು. ಹವಾಲ್ದಾರ್‌ಗೆ ಫೋನ್ ಮಾಡಿದರು. ಎರಡನೇ ಬೀಗದ ಕೈ ಮೈಸೂರಿನಲ್ಲಿದೆ ಅಂತ ಮೆಲ್ಲಗೆ ಹೇಳಿದರು. ಸುಬೇದಾರರು ಮೇಜು ಗುದ್ದಿದರು, ಆಮೇಲೆ ಅತ್ತರು. ಹೆಂಡತಿ ಹೋದ ಮೇಲೆ ಅವರು ಯಾರ ಮುಂದೆಯೂ ಅತ್ತಿರಲಿಲ್ಲ.

ಹವಾಲ್ದಾರ್ ಬಂದು ಟಾರ್ಚ್ ಹಿಡಿದು ನೋಡಿದರೆ ತೋಟದಲ್ಲಿ ನಿಜವಾಗಿಯೂ ಆನೆಗಳಿದ್ದವು. ಬಾಳೆ ಮುರಿದು ಹಾಕಿದ್ದವು. ಅರಣ್ಯ ಇಲಾಖೆಯ ಆರ್‌ಆರ್‌ಟಿ (ತುರ್ತು ಕಾರ್ಯಾಚರಣೆ) ತಂಡಕ್ಕೆ ಹೇಳಿ, ಪಟಾಕಿ ಹೊಡೆದು ಓಡಿಸಿದರು. ಈ ಭಾಗವನ್ನು ಬಿಟ್ಟು ಬರೆದರೆ ತಪ್ಪಾಗುತ್ತದೆ. ಅವರು ಹೇಳಿದ್ದು ನಿಜ, ಅವರ ಬಾಳೆ ಹೋದದ್ದೂ ನಿಜ. ಆದರೂ ಆ ರಾತ್ರಿ, ಆ ಸ್ಥಿತಿಯಲ್ಲಿ ಕೋವಿ ಕೈಗೆ ಕೊಡದೇ ಇದ್ದದ್ದೇ ಸರಿ. ಕಪಾಟಿನ ಬೆಲೆ ಬಾಳೆ ಗಿಡಗಳಲ್ಲಿ ತೆರಬೇಕಾಯಿತು. ಯಾರಾದರೂ ಈ ವ್ಯವಸ್ಥೆ ಮಾಡುವುದಾದರೆ ಆ ಖರ್ಚನ್ನು ಮೊದಲೇ ಮಾತಾಡಿಕೊಳ್ಳಬೇಕು. ಈ ಮನೆಯಲ್ಲಿ ಆಮೇಲೆ ಸೋಲಾರ್ ಬೇಲಿ ಹಾಕಿಸಿದರು, ತಮ್ಮ ಅರ್ಧ ಹಣ ಕೊಟ್ಟರು.

ಆ ರಾತ್ರಿಯ ನಂತರ ಸುಬೇದಾರರು ಮಾನಸಿಕ ವೈದ್ಯರನ್ನು ನೋಡಲು ಒಪ್ಪಿದರು. ಕೋವಿ ಆಗಲೇ ಒಕ್ಕದ ಕಪಾಟಿನಲ್ಲಿ ಇದ್ದದ್ದರಿಂದ ‘ಡಾಕ್ಟರ್ ಬರೆದು ಕಿತ್ಕೊಳ್ತಾರೆ’ ಅನ್ನುವ ಹೆದರಿಕೆ ಉಳಿದಿರಲಿಲ್ಲ. ನಾವು ಈ ಫಲವನ್ನು ನಿರೀಕ್ಷಿಸಿರಲಿಲ್ಲ. ಮಾತ್ರೆ, ಮಾತುಕತೆ ಎರಡೂ ಶುರುವಾಯಿತು. ನಡುವೆ ಒಮ್ಮೆ ರಾತ್ರಿ ತಾವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದರು ಅಂತ ಆಮೇಲೆ ಹೇಳಿದರು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ. ಕುಡಿತ ಕಡಿಮೆಯಾಗಿದೆ, ಬಿಟ್ಟಿಲ್ಲ.

ಬೆಳಗ್ಗೆ ಐದೂವರೆಗೆ ಈಗಲೂ ಬೂಟು ಹಾಕುತ್ತಾರೆ. ಊರಿನ ಶಾಲೆ ಮೈದಾನದಲ್ಲಿ ಅಗ್ನಿವೀರ್ ಭರ್ತಿಗೆ ತಯಾರಾಗುವ ಹುಡುಗರಿಗೆ ಅವರೇ ಉಸ್ತಾದ್. 1.6 ಕಿಲೋಮೀಟರ್ ಓಟಕ್ಕೆ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಾರೆ, ಬೀಮ್ ಹಿಡಿದು ಪುಲ್‌ಅಪ್ ಎಣಿಸುತ್ತಾರೆ, 9 ಅಡಿ ಹಳ್ಳ ಹಾರಿಸುತ್ತಾರೆ. ನಾಲ್ಕು ವರ್ಷದ ಅಗ್ನಿಪಥ್ ಬಗ್ಗೆ ಅವರಿಗೆ ಸಮಾಧಾನ ಇಲ್ಲ. ‘ನಾಲ್ಕು ವರ್ಷಕ್ಕೆ ಪಲ್ಟನ್ ಅಂದ್ರೆ ಏನೂಂತ ಗೊತ್ತಾಗೋ ಹೊತ್ತಿಗೆ ಮನೆಗೆ ಕಳಿಸಿಬಿಡ್ತಾರೆ’ ಅನ್ನುತ್ತಾರೆ. ಹಾಗಂತ ಹುಡುಗರನ್ನು ತಯಾರು ಮಾಡುವುದು ಬಿಟ್ಟಿಲ್ಲ. ರಾತ್ರಿ ಎರಡು ಗಂಟೆಯ ಗಸ್ತಿನಲ್ಲಿ ಅವರು ಹುಡುಕುತ್ತಿದ್ದ ಡ್ಯೂಟಿ ಇಲ್ಲಿ ಸಿಕ್ಕಿದೆ ಅಂತ ನನಗನ್ನಿಸುತ್ತದೆ. ಕಪಾಟು ಕೂರಿಸಿ, ಈ ಮೈದಾನ ಇಲ್ಲದೇ ಹೋಗಿದ್ದರೆ ಅವರು ಬೇರೆ ಕೋವಿ ಹುಡುಕುತ್ತಿದ್ದರೋ ಏನೋ.

ಅಭಿಪ್ರಾಯ ಮಾತ್ರ ಬದಲಾಗಿಲ್ಲ, ಬದಲಾಯಿಸಲು ನಾವೂ ಹೋಗಲಿಲ್ಲ. ಕೋವಿ ನಮ್ಮ ಹಕ್ಕು, 2029ರಲ್ಲಿ ವಿನಾಯಿತಿ ಮುಂದುವರಿಯಲೇಬೇಕು ಅನ್ನುತ್ತಾರೆ. ಬೆಳಗಾವಿಯ ಹವಾಲ್ದಾರ್ ಎದುರಿಗೆ ಸಿಕ್ಕಿದಾಗಲೆಲ್ಲ ಇಬ್ಬರಿಗೂ ಇದೇ ವಾದ, ಜೋರು ದನಿಯಲ್ಲಿ. ಹಕ್ಕಿನ ಬಗ್ಗೆ ಒಮ್ಮತ ಬರುವವರೆಗೆ ಕಾದಿದ್ದರೆ ಕಪಾಟು ಆಗುತ್ತಲೇ ಇರಲಿಲ್ಲ. ಎಲ್ಲಿ ಇಡುವುದು, ಯಾರ ಸಹಿ, ರಾತ್ರಿ ಕೊಡಬೇಕಾ ಬೇಡವಾ ಅನ್ನುವ ಪ್ರಶ್ನೆಗಳನ್ನು ಮಾತ್ರ ಹಿಡಿದುಕೊಂಡಿದ್ದರಿಂದ, ಒಬ್ಬರಿಗೊಬ್ಬರು ಒಪ್ಪದವರೂ ಒಂದೇ ಬೆಂಚಿನಲ್ಲಿ ಕೂತರು.

ಬಾಕಿ ಉಳಿದದ್ದೂ ಇದೆ. ಮಗನ ಜೊತೆ ಮಾತು ಇನ್ನೂ ಹಬ್ಬದ ದಿನದ ಫೋನಿಗಷ್ಟೇ. ಓಡಿಹೋದ ಅಸ್ಸಾಮಿನ ಹುಡುಗನನ್ನು ಹುಡುಕಿ ಕ್ಷಮೆ ಕೇಳಬೇಕು ಅಂತ ಸುಬೇದಾರರು ಮೇಸ್ತ್ರಿಯ ಮೂಲಕ ಹೇಳಿ ಕಳಿಸಿದ್ದಾರೆ, ಉತ್ತರ ಬಂದಿಲ್ಲ. ಅವನ ಬಾಕಿ ಕೂಲಿಯನ್ನು ತೆಗೆದಿಟ್ಟಿದ್ದಾರೆ. ಒಕ್ಕದ ಇನ್ನೆರಡು ಮನೆಗಳು ತಮ್ಮ ಕೋವಿಯನ್ನೂ ಅದೇ ಕಪಾಟಿನಲ್ಲಿ ಇಡುತ್ತೇವೆ ಅಂದಿವೆ. ಜಾಗ ಸಾಲುವುದಿಲ್ಲ, ದೊಡ್ಡದು ಮಾಡಿಸಬೇಕು, ಐನ್‌ಮನೆಯಲ್ಲೇ ಇಡೋಣವೇ ಅನ್ನುವ ಚರ್ಚೆ ನಡೆದಿದೆ. ಐನ್‌ಮನೆಯಲ್ಲಿ ವರ್ಷವಿಡೀ ಜನ ಇರುವುದಿಲ್ಲವಲ್ಲ, ರಾತ್ರಿ ಬಾಗಿಲು ತಟ್ಟಿದರೆ ತೆರೆದು ಕಾಫಿ ಮಾಡುವವರು ಯಾರು ಅಂತ ತಮ್ಮನ ಹೆಂಡತಿ ಕೇಳಿದ್ದಾರೆ. ಮುಂದಿನ ಸಭೆಯಲ್ಲಿ ಅದು ತೀರ್ಮಾನವಾಗಬೇಕು.